ಕೂಸಿಗೆ ಮಾತು ತಡವಾದರೆ ಅಜ್ಜಿಯ ಬಾಯಿಗೆ ಬೀಗವೇಕೆ?

ಮಂಡಿ ಮೊಹಲ್ಲದ ಒಂದು ದಿನಸಿ ಅಂಗಡಿ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಎರಡು ವರ್ಷ ದಾಟಿದ ಗಂಡು ಕೂಸು. ಬೆಲ್ಲದ ಚೂರು ಬೇಕಾದರೆ ಬೆರಳು ತೋರಿಸುತ್ತದೆ, ಕೊಡದಿದ್ದರೆ ಅಳುತ್ತದೆ, ಕೊಟ್ಟರೆ ನಗುತ್ತದೆ. ಮಾತು ಮಾತ್ರ ಇಲ್ಲ. ಅಂಗಡಿಗೆ ಬಂದವರೆಲ್ಲ ವೈದ್ಯರೇ. "ಗಂಡು ಹುಡುಗ್ರು ನಿಧಾನ ಕಣಮ್ಮ" ಎನ್ನುತ್ತಾರೆ ಒಬ್ಬರು. "ಬಜೆ ತೇದು ನಾಲಿಗೆಗೆ ಹಚ್ಚಿ" ಎನ್ನುತ್ತಾರೆ ಇನ್ನೊಬ್ಬರು. "ಇವರಪ್ಪಾನೂ ನಾಲ್ಕು ವರ್ಷಕ್ಕೇ ಬಾಯಿ ಬಿಟ್ಟಿದ್ದು" ಎಂದು ಮೂರನೆಯವರ ಸಮಾಧಾನ. ಕಡೆಗೆ ಪ್ಲೇ ಹೋಂ ಒಂದರಲ್ಲಿ ಸೀಟು ಕೇಳಲು ಹೋದಾಗ ತೀರ್ಪು ಹೊರಬೀಳುತ್ತದೆ: "ಮನೇಲಿ ಅಜ್ಜಿ ತಮಿಳು, ಅಮ್ಮ ಕನ್ನಡ. ಅದಕ್ಕೇ ಮಗು ಕನ್‌ಫ್ಯೂಸ್ ಆಗಿದೆ. ಒಂದೇ ಭಾಷೆ ಇಟ್ಕೊಳ್ಳಿ. ಇಂಗ್ಲಿಷ್ ಆದ್ರೆ ಇನ್ನೂ ಒಳ್ಳೇದು."

ಅಂದಿನಿಂದ ಆ ಮನೆಯಲ್ಲಿ ಅಜ್ಜಿಯ ಬಾಯಿಗೆ ಬೀಗ. ಲಾಲಿ ನಿಂತಿತು, ಕಥೆ ನಿಂತಿತು. ಇಂಗ್ಲಿಷ್ ಬಾರದ ತಾಯಿ "ಕಮ್, ಸಿಟ್, ಈಟ್" ಎಂಬ ಮೂರು ಪದಗಳಲ್ಲಿ ಮಗು ಸಾಕತೊಡಗಿದಳು. ಆರು ತಿಂಗಳು ಕಳೆಯಿತು. ಕೂಸು ಮಾತಾಡಲಿಲ್ಲ. ಈ ಆರು ತಿಂಗಳಲ್ಲಿ ಯಾರಾದರೂ ಒಬ್ಬರು ಕೇಳಲೇಬೇಕಾಗಿದ್ದ ಪ್ರಶ್ನೆ ಒಂದಿತ್ತು: ಕೂಸಿಗೆ ಕಿವಿ ಸರಿಯಾಗಿ ಕೇಳಿಸುತ್ತಿದೆಯೇ? ಅದನ್ನು ಮಾತ್ರ ಯಾರೂ ಕೇಳಲಿಲ್ಲ.

ಇದು ಒಂದು ಅಂಗಡಿಯ, ಒಂದು ಮನೆಯ ಕಥೆಯಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಸಾಲಿನಿಂದ ಬಾಳೆಹಣ್ಣಿನ ಸಾಲಿಗೆ ಹೋಗುವಷ್ಟರಲ್ಲಿ ನಾಲ್ಕು ಭಾಷೆ ಕಿವಿಗೆ ಬೀಳುವ ಊರು ಇದು. ಉರ್ದು ಮನೆಗಳಿವೆ, ತೆಲುಗು, ತಮಿಳು, ಮಲೆಯಾಳ, ಕೊಡವ, ತುಳು, ಕೊಂಕಣಿ, ಮಾರ್ವಾಡಿ ಮನೆಗಳಿವೆ. ಇವೆಲ್ಲಕ್ಕೂ ಬೀದಿಯ ಭಾಷೆ ಕನ್ನಡ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ನೂರಕ್ಕೆ 26 ಜನ ಎರಡು ಭಾಷೆ ಬಲ್ಲವರು. ಎರಡು ಭಾಷೆ ಕಿವಿಗೆ ಬಿದ್ದರೆ ನಾಲಿಗೆ ಕಟ್ಟಿಹೋಗುವುದೇ ನಿಜವಾಗಿದ್ದರೆ ಮೈಸೂರಿನ ಅರ್ಧ ಊರು ಇಂದು ಕೈಸನ್ನೆಯಲ್ಲೇ ವ್ಯಾಪಾರ ಮಾಡಬೇಕಾಗಿತ್ತು.

ವರಕವಿ ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿಯವರದು ತಮಿಳು. ಗಿರೀಶ ಕಾರ್ನಾಡರದು ಕೊಂಕಣಿ. ಮೂವರೂ ಕನ್ನಡಕ್ಕೆ ಜ್ಞಾನಪೀಠ ತಂದವರು. ನಿಸಾರ್ ಅಹಮದರ ಮನೆಯಲ್ಲಿ ಉರ್ದು. ಎರಡು ಭಾಷೆ ಕಲಿತವರೆಲ್ಲ ಕವಿಗಳಾಗುತ್ತಾರೆ ಎಂದು ಯಾರೂ ಹೇಳುವುದಿಲ್ಲ. ಆದರೆ ಮನೆಯಲ್ಲೊಂದು, ಬೀದಿಯಲ್ಲೊಂದು ಭಾಷೆ ಇದ್ದರೆ ಮಗು ಕೆಡುತ್ತದೆ ಎಂಬ ಮಾತಿಗೆ ಇವರ ಹೆಸರುಗಳೇ ಉತ್ತರ.

ಹಾಗಾದರೆ ಈ ಭಯ ಬಂದದ್ದಾದರೂ ಎಲ್ಲಿಂದ? ಇದು ನಮ್ಮ ಅಜ್ಜ ಅಜ್ಜಿಯರ ಭಯವಲ್ಲ, ಹೊರಗಿನಿಂದ ಬಂದದ್ದು. 1923ರಲ್ಲಿ ವೇಲ್ಸ್ ದೇಶದಲ್ಲಿ ಸೇಯರ್ ಎಂಬುವರು ಶಾಲಾಮಕ್ಕಳನ್ನು ಪರೀಕ್ಷಿಸಿ, ಹಳ್ಳಿಗಾಡಿನಲ್ಲಿ ವೆಲ್ಷ್ ಮತ್ತು ಇಂಗ್ಲಿಷ್ ಎರಡನ್ನೂ ಆಡುವ ಮಕ್ಕಳು ಬುದ್ಧಿಯಲ್ಲಿ ಹಿಂದೆ ಎಂದು ಬರೆದರು. ಮನೆಯ ಬಡತನ ಸಿರಿತನದ ವ್ಯತ್ಯಾಸವನ್ನು ಆ ಲೆಕ್ಕ ಸರಿಯಾಗಿ ಹಿಡಿದಿರಲಿಲ್ಲ. 1962ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಎಂಬುವರು ಒಂದೇ ಅಂತಸ್ತಿನ ಮನೆಗಳ ಹತ್ತು ವರ್ಷದ ಮಕ್ಕಳನ್ನು ಹೋಲಿಸಿ ನೋಡಿದರು. ಫ್ರೆಂಚು ಇಂಗ್ಲಿಷು ಎರಡೂ ಬಲ್ಲ ಮಕ್ಕಳೇ ಮುಂದಿದ್ದರು. ಅದಾದ ಮೇಲೆ ನಡೆದ ಅಧ್ಯಯನಗಳೂ ಎರಡು ಭಾಷೆಯಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ ಎಂದೇ ಹೇಳುತ್ತ ಬಂದಿವೆ. ಅಲ್ಲಿನವರು ಬಿಟ್ಟುಹಾಕಿದ ಮಾತು ನಮ್ಮ ಪ್ಲೇ ಹೋಂಗಳಲ್ಲಿ ಇನ್ನೂ ಚಲಾವಣೆಯಲ್ಲಿದೆ.

ಎರಡು ಗಲ್ಲಾದ ಲೆಕ್ಕ

ವ್ಯಾಪಾರಸ್ಥರಿಗೆ ಈ ವಿಷಯ ಬೇಗ ಅರ್ಥವಾಗುತ್ತದೆ. ಅಂಗಡಿಯಲ್ಲಿ ಎರಡು ಗಲ್ಲಾ ಇದ್ದು, ಸಂಜೆ ಒಂದನ್ನು ಮಾತ್ರ ಎಣಿಸಿ "ಇವತ್ತು ನಷ್ಟ" ಎಂದು ತಲೆಯ ಮೇಲೆ ಕೈಹೊತ್ತು ಕುಳಿತರೆ ಜನ ನಗುತ್ತಾರೆ. ಎರಡು ಭಾಷೆಯ ಮನೆಯ ಕೂಸಿನ ಲೆಕ್ಕವೂ ಹಾಗೆಯೇ. ಎರಡು ವರ್ಷದ ಮಗುವಿಗೆ ಸುಮಾರು 50 ಪದ ಬರಬೇಕು ಎಂಬುದು ವೈದ್ಯರ ವಾಡಿಕೆಯ ಅಳತೆ. ಮಗುವಿಗೆ ಕನ್ನಡದ 30 ಪದ, ತಮಿಳಿನ 25 ಪದ ಗೊತ್ತಿದ್ದರೆ ಮೊತ್ತ 55. ಕನ್ನಡವೊಂದನ್ನೇ ಎಣಿಸಿದವರಿಗೆ ಮಗು ಹಿಂದೆ ಬಿದ್ದಂತೆ ಕಾಣುತ್ತದೆ. ಮಗು ಹಿಂದೆ ಬಿದ್ದಿಲ್ಲ, ಲೆಕ್ಕ ತಪ್ಪಿದೆ.

ಇನ್ನು ಮಗು "ತಣ್ಣಿ ಬೇಕು", "ಪಾನಿ ಕೊಡು" ಎಂದು ಎರಡು ಭಾಷೆ ಬೆರೆಸಿ ಕೇಳಿದರೆ ಅದು ಗೊಂದಲವಲ್ಲ. ಕೈಗೆ ಸಿಕ್ಕ ಪದ ಹಿಡಿದು ಕೆಲಸ ಮಾಡಿಕೊಳ್ಳುವ ಜಾಣತನ. "ಟಿಕೆಟ್ ತಗೊಳ್ಳಿ, ಚೇಂಜ್ ಇಲ್ಲ, ಮುಂದೆ ಹೋಗಿ" ಎನ್ನುವ ಸಿಟಿ ಬಸ್ಸಿನ ಕಂಡಕ್ಟರು ದಿನವೂ ಮಾಡುವುದು ಅದನ್ನೇ. ಅವರನ್ನು ಯಾರೂ ಡಾಕ್ಟರ ಬಳಿ ಕಳಿಸುವುದಿಲ್ಲ.

ಹಾಗೆಂದು ಮಾತು ತಡವಾದ ಮಗುವನ್ನು ನಿರ್ಲಕ್ಷಿಸಬಹುದು ಎಂದು ಅರ್ಥವಲ್ಲ. ವಿಷಯ ಇರುವುದೇ ಇಲ್ಲಿ. ಎರಡು ವರ್ಷಕ್ಕೆ ಮಾತು ಹಿಂದಾಗುವ ಮಕ್ಕಳು ನೂರಕ್ಕೆ ಹತ್ತು ಹದಿನೈದು ಇರುತ್ತಾರೆ. ಒಂದು ಭಾಷೆಯ ಮನೆಯಲ್ಲೂ ಇರುತ್ತಾರೆ, ಎರಡು ಭಾಷೆಯ ಮನೆಯಲ್ಲೂ ಇರುತ್ತಾರೆ. ಅವರಲ್ಲಿ ಹೆಚ್ಚಿನವರು ಕ್ರಮೇಣ ಸರಿಹೋಗುತ್ತಾರೆ, ಕೆಲವರು ಹೋಗುವುದಿಲ್ಲ. ಯಾರು ಹೋಗುತ್ತಾರೆ, ಯಾರು ಹೋಗುವುದಿಲ್ಲ ಎಂದು ಅಂಗಡಿ ಕಟ್ಟೆಯ ಮೇಲೆ ಕುಳಿತು ಹೇಳಲು ಬಾರದು. "ಎರಡು ಭಾಷೆ ಇದೆಯಲ್ಲ, ಅದಕ್ಕೇ" ಎಂಬ ಒಂದು ಮಾತಿನಿಂದ ಎರಡು ಅನ್ಯಾಯ ಆಗುತ್ತದೆ. ಮಗುವಿನಿಂದ ಅಜ್ಜಿಯ ಭಾಷೆ ಕಿತ್ತುಕೊಂಡದ್ದು ಒಂದು. ನಿಜವಾದ ಕಾರಣ ಹುಡುಕದೆ ಬಿಟ್ಟದ್ದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದು.

ಮೊದಲು ಕಿವಿ, ಆಮೇಲೆ ನಾಲಿಗೆ

ಕಿವಿಯೊಳಗೆ ಹೋಗದ ಮಾತು ಬಾಯಿಂದ ಹೊರಗೆ ಬಾರದು. ಹುಟ್ಟುವ ಸಾವಿರ ಮಕ್ಕಳಲ್ಲಿ ಒಂದೆರಡಕ್ಕಾದರೂ ಹುಟ್ಟಿನಿಂದಲೇ ಕಿವಿಯ ದೋಷ ಇರುತ್ತದೆ. ಪೂರ್ತಿ ಕೇಳಿಸದ ಮಗುವಾದರೆ ಮನೆಯವರಿಗೆ ಬೇಗ ಅನುಮಾನ ಬರುತ್ತದೆ. ಅರ್ಧಂಬರ್ಧ ಕೇಳಿಸುವ ಮಗು ಮೋಸ ಮಾಡುತ್ತದೆ: ಬಾಗಿಲು ಬಡಿದರೆ ತಿರುಗುತ್ತದೆ, ತಟ್ಟೆ ಬಿದ್ದರೆ ಬೆಚ್ಚುತ್ತದೆ, ಆದರೆ ಮಾತಿನ ಸಣ್ಣ ಸಣ್ಣ ಶಬ್ದಗಳು ಅದರ ಕಿವಿಗೆ ಬೀಳುವುದೇ ಇಲ್ಲ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿಯೊಳಗೆ ನೀರು ನಿಂತು ತಿಂಗಳುಗಟ್ಟಲೆ ಮಂದವಾಗಿ ಕೇಳಿಸುವುದೂ ಉಂಟು. ಇಂಥ ಮಗುವಿನ ಮುಂದೆ ಒಂದು ಭಾಷೆ ಆಡಿದರೇನು, ಮೂರು ಆಡಿದರೇನು?

ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತ ಪತ್ತೆ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರು ಹಾಕಿಕೊಂಡ ಗಡುವು. ತಪಾಸಣೆಯಲ್ಲಿ ನೋವಿಲ್ಲ, ಸೂಜಿಯಿಲ್ಲ. ಮಲಗಿದ ಕೂಸಿನ ಕಿವಿಗೆ ಸಣ್ಣ ಬಿರಡೆಯಂಥದ್ದು ಇಟ್ಟು ಕೆಲವು ನಿಮಿಷದಲ್ಲಿ ಮುಗಿಸುತ್ತಾರೆ.

ಮನೆಯವರು ಗಮನಿಸಬೇಕಾದ್ದು ಕಷ್ಟದ್ದೇನಲ್ಲ. ವರ್ಷ ತುಂಬಿದರೂ ತೊದಲು ಸದ್ದು ಇಲ್ಲ, ಹೆಸರು ಕೂಗಿದರೆ ತಿರುಗುವುದಿಲ್ಲ, ಟಾಟಾ ಮಾಡುವುದಿಲ್ಲ, ಬೇಕಾದ್ದನ್ನು ಬೆರಳಿಟ್ಟು ತೋರಿಸುವುದಿಲ್ಲ ಎಂದರೆ ಕಾಯಬಾರದು. ಒಂದೂವರೆ ವರ್ಷಕ್ಕೂ ಯಾವ ಭಾಷೆಯಲ್ಲೂ ಒಂದು ಪದ ಇಲ್ಲದಿದ್ದರೆ ಕಾಯಬಾರದು. ಎರಡು ವರ್ಷವಾದರೂ "ಅಮ್ಮ ಬಾ", "ಹಾಲು ಬೇಕು" ಎಂದು ಎರಡು ಪದ ಕೂಡಿಸದಿದ್ದರೆ ಕಾಯಬಾರದು. ಆಡುತ್ತಿದ್ದ ಮಾತನ್ನು ಮಗು ಮರೆತು ಮೌನವಾದರೆ, ಯಾವ ವಯಸ್ಸೇ ಆಗಲಿ, ಆ ವಾರವೇ ಹೊರಡಬೇಕು. ಇಲ್ಲೆಲ್ಲ ಎರಡು ಭಾಷೆಯನ್ನೂ ಸೇರಿಸಿಯೇ ಎಣಿಸಬೇಕು. ನಿಜವಾದ ಮಾತಿನ ತೊಂದರೆ ಎರಡು ಭಾಷೆಯಲ್ಲೂ ಕಾಣಿಸಿಕೊಳ್ಳುತ್ತದೆ. ಅಜ್ಜಿಯ ಜೊತೆ ಚೆನ್ನಾಗಿ ಹರಟುವ ಕೂಸು ಟೀಚರ ಮುಂದೆ ಬಾಯಿ ಬಿಡದಿದ್ದರೆ ಅದು ಕಾಯಿಲೆಯಲ್ಲ, ಹೊಸ ಜಾಗದ ಸಂಕೋಚ, ಹೊಸ ಭಾಷೆಯ ಪರಿಚಯ.

ಈ ನಡುವೆ ಮನೆಗೆ ಇನ್ನೊಂದು ಭಾಷೆ ಬಂದು ಕುಳಿತಿದೆ, ಮೊಬೈಲಿನ ಭಾಷೆ. ವ್ಯಾಪಾರದ ಹೊತ್ತಿನಲ್ಲಿ ಕೂಸು ಅಳಬಾರದೆಂದು ಕೈಗೆ ಮೊಬೈಲು ಕೊಡುವುದು ಅಂಗಡಿಗಳಲ್ಲಿ ಸಾಮಾನ್ಯವಾಗಿದೆ. ಅದು ಇಂಗ್ಲಿಷ್ ಹಾಡು ಒಪ್ಪಿಸುತ್ತದೆ, ಬಾಯಾರಿದಾಗ ನೀರು ಕೇಳಲು ಅದಕ್ಕೆ ಬಾರದು. ಮೊಬೈಲು ಮಾತಾಡುತ್ತದೆ, ಮಗುವಿನ ಮಾತಿಗೆ ಕಾಯುವುದಿಲ್ಲ, ಉತ್ತರ ಕೊಡುವುದಿಲ್ಲ. ಅಜ್ಜಿ ಇವೆರಡನ್ನೂ ಮಾಡುತ್ತಾಳೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, ಅನಂತರ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅಜ್ಜಿಯನ್ನು ಸುಮ್ಮನಿರಿಸಿ ಮೊಬೈಲಿಗೆ ಮಾತಾಡಲು ಬಿಟ್ಟ ಮನೆಗಳು ತಕ್ಕಡಿಯನ್ನು ತಲೆಕೆಳಗಾಗಿ ಹಿಡಿದಿವೆ.

ಹಿತ್ತಲ ಗಿಡ

ಈ ಊರಿನ ಮಟ್ಟಿಗೆ ಸಂಗತಿ ಇನ್ನೂ ವಿಚಿತ್ರ. ಮಾತು ಮತ್ತು ಕಿವಿಯ ತೊಂದರೆಗೆಂದೇ ಕೇಂದ್ರ ಸರ್ಕಾರ 1965ರಲ್ಲಿ ಆರಂಭಿಸಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ದೆಹಲಿಯಲ್ಲಲ್ಲ, ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಹೊರರಾಜ್ಯಗಳಿಂದ ತಂದೆ ತಾಯಿ ಮಕ್ಕಳನ್ನು ಎತ್ತಿಕೊಂಡು ರೈಲು ಹತ್ತಿ ಬಂದು, ಬಾಡಿಗೆ ಕೋಣೆ ಹಿಡಿದು ಇಲ್ಲಿ ಚಿಕಿತ್ಸೆ ಕೊಡಿಸುತ್ತಾರೆ. ಮಂಡಿ ಮೊಹಲ್ಲದಿಂದ, ಅಗ್ರಹಾರದಿಂದ, ಎನ್.ಆರ್. ಮೊಹಲ್ಲದಿಂದ ಸಿಟಿ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದವರು ಬಜೆ ತೇಯುತ್ತ, ಹರಕೆ ಹೊರುತ್ತ ಕುಳಿತಿರುತ್ತಾರೆ. ಬಜೆ ತೇಯಲಿ, ಹರಕೆಯನ್ನೂ ತೀರಿಸಲಿ. ಆದರೆ ಕಿವಿ ತೋರಿಸಿ ಬಂದು ಆಮೇಲೆ ಮಾಡಲಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕೆ?

ದೂರುವುದಾದರೆ ತಂದೆ ತಾಯಿಯರನ್ನಷ್ಟೇ ದೂರುವುದು ನ್ಯಾಯವಲ್ಲ. ಮಕ್ಕಳ ದೋಷ ಬೇಗ ಪತ್ತೆ ಹಚ್ಚಲು ಸರ್ಕಾರ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ತಂದಿತು. ಕಿವಿಯ ದೋಷವೂ, ಮಾತಿನ ತಡವೂ ಅದರ ಪಟ್ಟಿಯಲ್ಲಿವೆ. ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ನೋಡಬೇಕು ಎಂಬುದು ನಿಯಮ. ಆದರೆ ಅಂಗಡಿಯವರ, ಗುಮಾಸ್ತರ ಮಕ್ಕಳಲ್ಲಿ ಎಷ್ಟು ಮಂದಿ ಇಂದು ಅಂಗನವಾಡಿಗೆ ಹೋಗುತ್ತಾರೆ? ನೇರ ಖಾಸಗಿ ಪ್ಲೇ ಹೋಂ ಸೇರುವ ಮಗು ಈ ಬಲೆಯ ಕಣ್ಣಿನಿಂದ ಜಾರಿಹೋಗುತ್ತದೆ. ಫೀಸು ಕೊಟ್ಟ ತಪ್ಪಿಗೆ ತಪಾಸಣೆ ಇಲ್ಲ.

ಮಾಡಬೇಕಾದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಒಂಬತ್ತು ತಿಂಗಳ ದಡಾರ ಲಸಿಕೆಗೂ, ಒಂದೂವರೆ ವರ್ಷದ ಸುಮಾರಿನ ಲಸಿಕೆಗೂ ಮಕ್ಕಳು ಹೇಗೂ ಬರುತ್ತಾರೆ. ಸೂಜಿ ಚುಚ್ಚುವ ಮುನ್ನ ನರ್ಸಮ್ಮ ಎರಡು ಪ್ರಶ್ನೆ ಕೇಳಲಿ: ಕರೆದರೆ ತಿರುಗುತ್ತದೆಯೇ? ಮನೆಯ ಎಲ್ಲ ಭಾಷೆ ಸೇರಿಸಿ ಎಷ್ಟು ಪದ ಆಡುತ್ತದೆ? ಅನುಮಾನ ಬಂದರೆ ಅಲ್ಲೇ ಒಂದು ಚೀಟಿ ಬರೆದು ವಾಕ್ ಶ್ರವಣ ಸಂಸ್ಥೆಗೆ ಕಳಿಸಲಿ. ಪ್ಲೇ ಹೋಂ ನಡೆಸುವವರಿಗೆ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಕಳಿಸಲಿ. ಮಾತು ತಡವಾದ ಮಗು ಕಂಡರೆ ಕಿವಿ ತೋರಿಸಲು ಹೇಳಬೇಕು, ಮನೆಯ ಭಾಷೆ ಬಿಡಿಸಲು ಹೇಳಬಾರದು ಎಂದಿಷ್ಟು ಬರೆದರೆ ಸಾಕು. ಚಿಕಿತ್ಸೆ ಬೇಕಾದ ಮಗುವಿಗೂ ಮನೆಮಾತು ಬಿಡಿಸಿದ್ದರಿಂದ ಲಾಭವಿಲ್ಲ. ತಾಯಿಗೆ ಸರಾಗವಾಗಿ ಬರುವ ಭಾಷೆಯೇ ಮಗುವಿಗೆ ಮೊದಲ ಔಷಧಿ.

ಬಸ್ಸು ತಪ್ಪಿದರೆ ಕಾಲು ಗಂಟೆಯಲ್ಲಿ ಇನ್ನೊಂದು ಬರುತ್ತದೆ. ಮಾತು ಕಲಿಯುವ ಮೊದಲ ಮೂರು ವರ್ಷ ಹಾಗೆ ತಿರುಗಿ ಬರುವುದಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿಗಳು, ಶಿಕ್ಷಣ ಇಲಾಖೆಯವರು ಇತ್ತ ಗಮನ ಹರಿಸುವರೇ? ಅವರು ಹರಿಸುವವರೆಗೆ ಅಂಗಡಿಯವರು ಕಾಯಬೇಕಾಗಿಲ್ಲ. ಒಂದು ಬೆಳಗ್ಗೆ ಬಾಗಿಲು ಎರಡು ಗಂಟೆ ತಡವಾಗಿ ತೆರೆದರೆ ಗಿರಾಕಿ ಬಿಟ್ಟುಹೋಗುವುದಿಲ್ಲ. ಕೂಸನ್ನು ಎತ್ತಿಕೊಂಡು ಮಾನಸಗಂಗೋತ್ರಿಯ ಬಸ್ಸು ಹತ್ತಲಿ. ಅಜ್ಜಿಯನ್ನೂ ಜೊತೆಗೆ ಕರೆದೊಯ್ಯಲಿ. ದಾರಿಯುದ್ದಕ್ಕೂ ಆಕೆ ತನಗೆ ಬರುವ ಭಾಷೆಯಲ್ಲೇ ಮೊಮ್ಮಗನ ಜೊತೆ ಮಾತಾಡಲಿ.