ಹಸ್ತಪ್ರತಿ ಅಂದ್ರೆ ಲಾಕರ್‌ನಲ್ಲಿಡೋ ಒಡವೆ ಅಲ್ಲ

ಅಮೆರಿಕದ ದೊಡ್ಡ ಕಾದಂಬರಿಕಾರರ ಹಸ್ತಪ್ರತಿಯೋ ಪ್ರೂಫ್ ಹಾಳೆಯೋ ಹರಾಜಿಗೆ ಬಂದಾಗಲೆಲ್ಲ ಸುದ್ದಿಯಾಗೋದು ಒಂದೇ: ಎಷ್ಟಕ್ಕೆ ಹೋಯ್ತು? ಇನ್ಮುಂದೆ ಅದನ್ನ ಯಾರು ಓದಬಹುದು ಅಂತ ಯಾರೂ ಕೇಳಲ್ಲ. ನನಗೆ ಮೈ ಉರಿಯೋದು ಇಲ್ಲೇ.

ಪ್ರೂಫಲ್ಲಿ ಅಂಥಾದ್ದೇನಿರುತ್ತೆ ಅಂತೀರಾ? ಫಿಟ್ಜ್‌ಜೆರಾಲ್ಡ್ 'ದಿ ಗ್ರೇಟ್ ಗ್ಯಾಟ್ಸ್‌ಬಿ'ಯನ್ನ (1925) ಪ್ರೂಫ್ ಕೈಗೆ ಬಂದಮೇಲೆ ಸಿಕ್ಕಾಪಟ್ಟೆ ತಿದ್ದಿದ. ತಿದ್ದೋಕೆ ಮುಂಚಿನ ರೂಪ 'ಟ್ರಿಮಾಲ್ಕಿಯೊ' ಅನ್ನೋ ಹೆಸರಲ್ಲಿ 2000ದಲ್ಲಿ ಪುಸ್ತಕವಾಯ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ್ರೆ ಕಾದಂಬರಿ ಹೇಗೆ ಆಗುತ್ತೆ ಅಂತ ಗೊತ್ತಾಗುತ್ತೆ. ಕೋಡ್ ಬರೆಯೋ ನಮಗೆ ಯಾವ ಸಾಲು ಯಾವಾಗ ಬದಲಾಯ್ತು ಅನ್ನೋ ಹಿಸ್ಟರಿ ಇರುತ್ತೆ. ಆ ಕಾಲದ ಕಾದಂಬರಿಗೆ ಇರೋ ಹಿಸ್ಟರಿ ಈ ಹಾಳೆಗಳೇ.

ಇನ್ನೊಂದು, ರೇಮಂಡ್ ಕಾರ್ವರ್‌ದು. ಆತ ಕಾದಂಬರಿಕಾರ ಅಲ್ಲ, ಕತೆಗಾರ, ಆದ್ರೂ ಹೇಳಲೇಬೇಕು. ಕಡಿಮೆ ಮಾತಲ್ಲಿ ಬರೆಯೋನು ಅಂತ ಹೆಸರಾದ ಆತನ 1981ರ ಸಂಕಲನದಲ್ಲಿ ಅರ್ಧಕ್ಕಿಂತ ಹೆಚ್ಚು ಮಾತು ಕತ್ತರಿಸಿದ್ದು ಸಂಪಾದಕ ಗಾರ್ಡನ್ ಲಿಶ್! ಇದು ಹೊರಬಿದ್ದಿದ್ದು ಹೇಗೆ? ಲಿಶ್ ಕಾಗದಪತ್ರಗಳು ಇಂಡಿಯಾನಾ ವಿಶ್ವವಿದ್ಯಾಲಯದ ಲಿಲ್ಲಿ ಲೈಬ್ರರಿಯಲ್ಲಿದ್ವು. ಒಬ್ಬ ಪತ್ರಕರ್ತ ಹೋಗಿ ನೋಡಿದ, 1998ರಲ್ಲಿ ಬರೆದ. ಅವು ಯಾವುದೋ ಸಾಹುಕಾರನ ಬೀರುವಿನಲ್ಲಿದ್ದಿದ್ರೆ?

ಸಂಗ್ರಹಕಾರರು ಇಲ್ಲದಿದ್ರೆ ಇವೆಲ್ಲ ರದ್ದಿಗೆ ಹೋಗ್ತಿದ್ವು ಅಂತ ವಾದ ಮಾಡೋರಿದ್ದಾರೆ. ನಿಜ, ಒಪ್ತೀನಿ. ಕೆರೊವ್ಯಾಕ್ ಬರೆದ 'ಆನ್ ದಿ ರೋಡ್'ನ ಸುಮಾರು 120 ಅಡಿ ಉದ್ದದ ಸುರುಳಿಯನ್ನ 2001ರಲ್ಲಿ ಜಿಮ್ ಇರ್ಸೆ 24 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟು ಕೊಂಡ್ರು. ಆಮೇಲೆ ಊರೂರಿನ ಮ್ಯೂಸಿಯಂ, ಲೈಬ್ರರಿಗಳಿಗೆ ಕಳಿಸಿದ್ರು. 2007ರಲ್ಲಿ ಅದರ ಪಠ್ಯವೂ ಪ್ರಕಟವಾಯ್ತು. ಭೇಷ್! ಆದ್ರೆ ಅದು ಅವರ ದೊಡ್ಡತನ ಅಷ್ಟೆ. ಬೀಗ ಹಾಕಿಟ್ಟಿದ್ರೂ ಯಾರೂ ಕೇಳೋ ಹಾಗಿರಲಿಲ್ಲ.

ತಮಾಷೆ ನೋಡಿ. ಹಸ್ತಪ್ರತಿ ಕೊಂಡೋನಿಗೆ ಸಿಗೋದು ಕಾಗದ ಮಾತ್ರ. ಹಕ್ಕುಸ್ವಾಮ್ಯ ಲೇಖಕನ ಹತ್ರ, ಇಲ್ಲಾ ವಾರಸುದಾರರ ಹತ್ರಾನೇ ಉಳಿಯುತ್ತೆ. ಇವನು ಅಚ್ಚು ಹಾಕಿಸೋ ಹಾಗಿಲ್ಲ, ಅವರಿಗೆ ನೋಡೋಕೆ ಸಿಗಲ್ಲ. ತಾನೂ ತಿನ್ನ, ಪರರಿಗೂ ಕೊಡ!

ಕಾರ್ಮ್ಯಾಕ್ ಮೆಕಾರ್ಥಿಯ ಟೈಪ್‌ರೈಟರ್ 2009ರಲ್ಲಿ 2,54,500 ಡಾಲರ್‌ಗೆ ಹೋಯ್ತು. ನನ್ನ ತಕರಾರಿಲ್ಲ, ಅದರಲ್ಲಿ ಓದೋಕೇನಿದೆ? ಹಸ್ತಪ್ರತಿ ಹಾಗಲ್ಲ. ಕೊಳ್ಳೋರು ಧಾರಾಳವಾಗಿ ಕೊಳ್ಳಲಿ, ಆದ್ರೆ ಸ್ಕ್ಯಾನ್ ಮಾಡಿಸಿ ಒಂದು ಪ್ರತಿ ಯಾವುದಾದ್ರೂ ಲೈಬ್ರರಿಗೆ ಕೊಡಲಿ. ಬೆಲೆ ಬಿದ್ದುಹೋಗುತ್ತಾ? ಮೊನಾಲಿಸಾ ಫೋಟೋ ಎಲ್ಲಾ ಕಡೆ ಇದೆ, ಮೂಲ ಚಿತ್ರ ಅಗ್ಗ ಆಯ್ತಾ?

ಓದೋಕೆ ಬಿಡದೆ ಬಚ್ಚಿಡೋನನ್ನ ಸಾಹಿತ್ಯಪ್ರೇಮಿ ಅಂತ ನಾನಂತೂ ಕರೆಯಲ್ಲ. ನೀವೇನಂತೀರಿ?