ನೀತಿ ಎಲ್ಲಿದೆ ಸಾರ್?

ಕಳೆದ ಬೇಸಿಗೆಯಲ್ಲಿ ಚಿಕ್ಕಬಳ್ಳಾಪುರದ ಒಂದು ಕಥಾ ಕಮ್ಮಟಕ್ಕೆ ನನ್ನನ್ನು ಕರೆದಿದ್ದರು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ಮೂವತ್ತು ಚಿಲ್ಲರೆ ಪದವಿ ವಿದ್ಯಾರ್ಥಿಗಳು ಬಂದಿದ್ದರು. ಎಲ್ಲರೂ ಮಕ್ಕಳಿಗೆಂದು ಒಂದೊಂದು ಕಥೆ ಬರೆದು ತಂದಿದ್ದರು. ಓದುತ್ತಾ ಹೋದೆ. ಅರ್ಧಕ್ಕಿಂತ ಹೆಚ್ಚು ಕಥೆಗಳಲ್ಲಿ ಊರಿನ ಪಕ್ಕ ಒಂದು ನದಿ ತುಂಬಿ ಹರಿಯುತ್ತಿತ್ತು.

ನಮ್ಮ ಜಿಲ್ಲೆಯಲ್ಲಿ! ನಂದಿಬೆಟ್ಟದ ಆಸುಪಾಸಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ ಹುಟ್ಟುತ್ತವೆ, ಸರಿ. ಆದರೆ ಇಲ್ಲಿನ ಹುಡುಗರು ಕಂಡಿರುವುದು ಬಹುಪಾಲು ಮರಳನ್ನು. ಅವರಿಗೆ ಗೊತ್ತಿರುವ ನೀರು ಕೊಳವೆಬಾವಿಯದು, ಟ್ಯಾಂಕರಿನದು, ಈಚೆಗೆ ಬೆಂಗಳೂರಿನವರು ಬಳಸಿ ಬಿಟ್ಟದ್ದನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ತುಂಬಿಸುತ್ತಿರುವುದು. 'ಈ ಕೆರೆಯಲ್ಲಿ ಬೆಂಗಳೂರಿನ ಯಾರ ಮನೆಯ ಸ್ನಾನದ ನೀರಿದೆ?' ಎಂದು ಕೇಳುವ ಒಂದು ಮಗು ಸಿಕ್ಕಿದ್ದರೆ ಸಾಕಿತ್ತು, ಕಥೆ ತಾನೇ ಹೊರಡುತ್ತಿತ್ತು. ಮೂವತ್ತು ಕಥೆಗಳಲ್ಲಿ ಅಂಥ ಮಗು ಒಂದೂ ಇರಲಿಲ್ಲ.

ಶಿಡ್ಲಘಟ್ಟದ ಕಡೆಯ ಒಬ್ಬ ಹುಡುಗಿಯ ಕಥೆಯಲ್ಲಿ ಸೋಮಾರಿ ಮೊಲ ಇತ್ತು, ಬುದ್ಧಿ ಹೇಳುವ ಆಮೆ ಇತ್ತು. ಚಹಾ ಹೊತ್ತಿನಲ್ಲಿ ಅವಳ ಮನೆ, ಶಾಲೆ ಅಂತ ಮಾತಾಡಿಸಿದೆ. ಏಳನೇ ಕ್ಲಾಸಿನಲ್ಲಿ ಪರೀಕ್ಷೆ ತಪ್ಪಿಸಿಕೊಂಡದ್ದನ್ನು ಹೇಳಿದಳು. ಅವತ್ತು ಬೆಳಗ್ಗೆ ಮನೆಯ ರೇಷ್ಮೆಹುಳುಗಳೆಲ್ಲ ಒಟ್ಟಿಗೆ ಹಣ್ಣಾಗಿದ್ದವು. ಹಣ್ಣಾದ ಹುಳು ಸೊಪ್ಪು ಬಿಡುತ್ತದೆ, ಮೈ ಪಾರದರ್ಶಕವಾಗುತ್ತದೆ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ತಿಂಗಳ ದುಡಿಮೆ ಮಣ್ಣುಪಾಲು. ಅಮ್ಮ 'ನೀನು ಸ್ಕೂಲಿಗೆ ಹೋಗು' ಅಂದಳಂತೆ. ಅವ್ವನ ಕೈ ನಡುಗುವುದನ್ನು ನೋಡಿ ಇವಳು ಪರೀಕ್ಷೆ ಇರುವುದನ್ನೇ ಮುಚ್ಚಿಟ್ಟು ಕೂತಳಂತೆ. ಮಾರನೆಯ ದಿನ ಮೇಷ್ಟ್ರಿಗೆ 'ಜ್ವರ ಬಂದಿತ್ತು' ಎಂದಳು.

"ಪೂರ್ತಿ ಸುಳ್ಳಲ್ಲ ಸಾರ್. ಆ ತಿಂಗಳು ನಮ್ಮನೇಲಿ ನಾಲ್ಕು ಸಲ ಜ್ವರ ಬಂದು ಹೋಗಿತ್ತು. ಹುಳಕ್ಕೆ."

ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾನು ಜೋರಾಗಿ ನಕ್ಕೆ. "ಇದನ್ನೇ ಯಾಕಮ್ಮ ಬರೆಯಲಿಲ್ಲ?" ಎಂದೆ.

"ಇದರಲ್ಲಿ ನೀತಿ ಎಲ್ಲಿದೆ ಸಾರ್?"

ತಪ್ಪು ಅವಳದಲ್ಲ. ಮಕ್ಕಳ ಕಥೆ ಎಂದರೆ ಕೊನೆಯಲ್ಲಿ ಬುದ್ಧಿವಾದ ಎಂದು ಅವಳಿಗೆ ಕಲಿಸಿದವರು ನಾವು. ಸ್ಪರ್ಧೆಗಳ ತೀರ್ಪುಗಾರರು, ಕಮ್ಮಟಗಳ ಸಂಪನ್ಮೂಲ ವ್ಯಕ್ತಿಗಳು, ಸಂಪಾದಕರು ಎಲ್ಲರೂ ಸೇರಿ. ನಾನೂ ಅದರಲ್ಲಿದ್ದೇನೆ. ವರ್ಷಗಳ ಹಿಂದೆ ನನ್ನ ಮೊದಲ ಮಕ್ಕಳ ಕಥೆ ಒಂದು ಪತ್ರಿಕೆಯಲ್ಲಿ ಬಂತು. 'ಹುಳು ಜ್ವರಕ್ಕೆ ಕೂತಿದೆ' ಎಂದು ಬರೆದದ್ದು 'ರೇಷ್ಮೆಹುಳು ನಿದ್ರಾವಸ್ಥೆಯಲ್ಲಿದೆ' ಎಂದಾಗಿತ್ತು. ಕೊನೆಗೆ ದುಡಿಮೆಯೇ ದೇವರು ಎಂಬರ್ಥದ ಸಾಲೊಂದು ಸೇರಿತ್ತು. ಹೆಸರು ಅಚ್ಚಾದ ಖುಷಿಯಲ್ಲಿ ನಾನು ತುಟಿ ಬಿಚ್ಚಲಿಲ್ಲ. ಆಮೇಲೆ ನಾನೇ ತೀರ್ಪುಗಾರನಾಗಿ ಕೂತಾಗ 'ಸಂದೇಶ'ಕ್ಕೆಂದು ಅಂಕ ಹಾಕಿದ್ದೂ ಉಂಟು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬದುಕಿಡೀ ಎಳೆಯರಿಗೆ ಹೇಳಿದ್ದು ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಎಂದು. ಅವರ ಜಯಂತಿಯ ದಿನ ಅದನ್ನೇ ಭಾಷಣ ಮಾಡುತ್ತೇವೆ. ಮಕ್ಕಳ ಕೈಗೆ ಪುಸ್ತಕ ಕೊಡುವಾಗ ಮಾತ್ರ ಉತ್ತರವನ್ನು ಮೊದಲೇ ಬರೆದುಕೊಡುತ್ತೇವೆ.

ಇನ್ನು ಭಾಷೆ. ನಂಜನಗೂಡು ಸೀಮೆಯ ಆಡುಮಾತಿನಲ್ಲಿ ದೇವನೂರ ಮಹಾದೇವ 'ಕುಸುಮಬಾಲೆ' ಬರೆದರು, ಅದಕ್ಕೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದೊಡ್ಡವರ ಕಾದಂಬರಿಗೆ ಆಡುಮಾತು ಗೌರವ, ಮಕ್ಕಳ ಕಥೆಗೆ ಬಂದರೆ ಅದೇ ಆಡುಮಾತು ಅಶುದ್ಧ! ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಬೀದಿಗಳಲ್ಲಿ ಉರ್ದು. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಳೆ ಮಾರುತ್ತಿದ್ದ ತಾತಯ್ಯ ತೆಲುಗು, ಕನ್ನಡ ಎರಡರಲ್ಲೂ ಹಾಡು ಕಟ್ಟಿದರು. ಜನ ಎರಡನ್ನೂ ಹಾಡಿಕೊಂಡರು.

"ಶಿಡ್ಲಘಟ್ಟದ ಮಾತು ಬೀದರಿನ ಮಗುವಿಗೆ ಅರ್ಥವಾಗುತ್ತದೆಯೇ?" ಎಂದು ಕೇಳುವವರಿದ್ದಾರೆ. ಕೇಳಬೇಕಾದ್ದೇ. ನಮ್ಮ ತಲೆಮಾರು ಸೋವಿಯತ್ ನಾಡಿನ ಮಕ್ಕಳ ಪುಸ್ತಕಗಳನ್ನು ಕನ್ನಡದಲ್ಲಿ ಓದಿತು. ಹಿಮ ಕಂಡವರು ನಮ್ಮಲ್ಲಿ ಯಾರಿದ್ದರು? ಕುವೆಂಪು ಬ್ರೌನಿಂಗನ ಹ್ಯಾಮಿಲಿನ್ ಪಟ್ಟಣವನ್ನು ತುಂಗೆಯ ದಡದ ಬೊಮ್ಮನಹಳ್ಳಿಗೆ ತಂದರು. ತುಂಗೆ ನೋಡದ ನಮ್ಮೂರ ಮಕ್ಕಳೂ ಆ ಕಿಂದರಿಜೋಗಿಯ ಹಿಂದೆ ಹೋದರು. ಹಿಮ ಅರ್ಥವಾಗುವ ಮಗುವಿಗೆ ಚಂದ್ರಿಕೆ ಅರ್ಥವಾಗುವುದಿಲ್ಲವೇ?

ಹಾಗಾಗಿ ಹೊಸದಾಗಿ ಬರೆಯುವವರಿಗೆ ನಾನು ಆ ದಿನ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ನಡೆಯುವ ಒಂದು ಕೆಲಸ ಹಿಡಿಯಿರಿ. ಟೊಮೆಟೊ ಮಂಡಿ ಇರಬಹುದು, ಹೂವಿನ ಮಾರುಕಟ್ಟೆ ಇರಬಹುದು, ದ್ರಾಕ್ಷಿ ತೋಟ ಇರಬಹುದು. ಅದರ ನಡುವೆ ಒಂದು ಮಗುವನ್ನು ನಿಲ್ಲಿಸಿ. ಆ ಮಗು ಎರಡರಲ್ಲಿ ಒಂದನ್ನು ಆರಿಸಲೇಬೇಕಾಗಲಿ, ಪರೀಕ್ಷೆಯೋ ಹುಳುವೋ ಎನ್ನುವ ಹಾಗೆ. ಆರಿಸುವುದು ಮಗುವೇ ಆಗಿರಲಿ, ದೊಡ್ಡವರು ಬಂದು ಬಿಡಿಸಿಕೊಡುವುದು ಬೇಡ. ಆರಿಸಿದ್ದಕ್ಕೆ ಏನಾದರೂ ಕಳೆದುಕೊಳ್ಳಲಿ.

ನಿಮ್ಮೂರಿನ ಪದವನ್ನು ತೆಗೆಯಬೇಡಿ, ಅದಕ್ಕೆ ಆವರಣ ಹಾಕಿ ಅರ್ಥವನ್ನೂ ಕೊಡಬೇಡಿ. ಆ ಹುಡುಗಿಯ 'ಅವ್ವ' ಎಂದರೆ ಅಜ್ಜಿ. ಧಾರವಾಡದ ಮಗು ತಾಯಿ ಎಂದುಕೊಂಡೀತು. 'ಅಮ್ಮನನ್ನು ಹೆತ್ತ ಅವ್ವ' ಎಂದು ಒಮ್ಮೆ ಬರೆದರೆ ಮುಗಿಯಿತು. ಚಿತ್ರಪುಸ್ತಕವಾದರೆ ಚಿತ್ರದಲ್ಲಿ ಕಾಣುವುದನ್ನು ಮತ್ತೆ ಮಾತಿನಲ್ಲಿ ಹೇಳಬೇಡಿ. ಚಂದ್ರಿಕೆ ಹೇಗಿದೆ ಎಂದು ಚಿತ್ರಗಾರ ತೋರಿಸುತ್ತಾನೆ, ಅದನ್ನು ಎತ್ತುವಾಗ ಅವ್ವನ ಕೈ ಯಾಕೆ ನಡುಗಿತು ಎನ್ನುವುದನ್ನು ನೀವು ಹೇಳಿ. ಬರೆದಾದ ಮೇಲೆ ಎಂಟು ವರ್ಷದ ಒಂದು ಮಗುವಿನ ಮುಂದೆ ಗಟ್ಟಿಯಾಗಿ ಓದಿ. ಅದು ಎದ್ದು ಆಟಕ್ಕೆ ಓಡಿದ ಜಾಗದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಅಲ್ಲಿಂದ ತಿದ್ದಿ. ನಿಮ್ಮ ಕಾಲೇಜಿನ ಪ್ರಾಧ್ಯಾಪಕರಿಗೆ ಆಮೇಲೆ ತೋರಿಸಿದರಾಯಿತು.

ಕಡೆಯದಾಗಿ, ನಿಮ್ಮ ಕಥೆಯ ಕೊನೆಯ ಪ್ಯಾರಾ ಹೊಡೆದುಹಾಕಿ ನೋಡಿ. ಹತ್ತರಲ್ಲಿ ಒಂಬತ್ತು ಸಲ ಕಥೆಗೆ ಏನೂ ನಷ್ಟವಾಗುವುದಿಲ್ಲ.

ಆ ಹುಡುಗಿ ಹೋದ ತಿಂಗಳು ಕಥೆ ಕಳಿಸಿದ್ದಾಳೆ. ಹೆಸರು 'ನಾಲ್ಕು ಜ್ವರ'. ಹುಳು ಇದೆ, ಅವ್ವ ಇದ್ದಾಳೆ, ಮೇಷ್ಟ್ರಿಗೆ ಹೇಳಿದ ಸುಳ್ಳೂ ಇದೆ. ಆದರೆ ಕೊನೆಯಲ್ಲಿ 'ಆದ್ದರಿಂದ ಮಕ್ಕಳೇ, ಎಂದೂ ಸುಳ್ಳು ಹೇಳಬಾರದು' ಎಂದು ಸೇರಿಸಿದ್ದಾಳೆ. ಆ ಸಾಲಿನ ಮೇಲೆ ಒಂದು ಗೆರೆ ಎಳೆದು ವಾಪಸು ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.