ತೂಕದ ಚೀಟಿ ಬರೆಯುವ ಕೈ

ಗಂಗಾವತಿಯಲ್ಲಿ ಭತ್ತದ ಸುಗ್ಗಿ ಶುರುವಾದರೆ ಅಕ್ಕಿ ಗಿರಣಿಗಳಿಗೆ ಭಾನುವಾರ ಎಂಬುದೇ ಇರುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಹಳ್ಳಿಗಳಿಂದ ಹಗಲೂ ರಾತ್ರಿ ಟ್ರ್ಯಾಕ್ಟರ್‌ಗಳು ಬರುತ್ತವೆ. ಆ ದಿನಗಳಲ್ಲಿ ಗಿರಣಿ ಕೆಲಸಕ್ಕೆ ಹೋಗುವ ಕ್ರೈಸ್ತ ಹುಡುಗರ ಮನೆಯಲ್ಲಿ ಒಂದೇ ಜಗಳ: ಆರಾಧನೆ ತಪ್ಪಿಸಿದೆಯಲ್ಲ ಎಂದು. ಕೆಲಸದ ಜಾಗದಲ್ಲಿ ನಂಬಿಕೆ ಎಂದರೆ ನಮ್ಮಲ್ಲಿ ಬಹಳ ಜನರಿಗೆ ಹೊಳೆಯುವುದು ಇಷ್ಟೇ. ಭಾನುವಾರದ ರಜೆ, ಗುಡ್ ಫ್ರೈಡೆ ರಜೆ, ಬುತ್ತಿ ಬಿಚ್ಚುವ ಮುಂಚೆ ಕಣ್ಣು ಮುಚ್ಚುವುದು. ಸಬ್ಬತ್ ದಿನ ಎತ್ತು ಬಾವಿಗೆ ಬಿದ್ದರೆ ಮೇಲೆತ್ತುವುದಿಲ್ಲವೇ ಎಂದು ಯೇಸುವೇ ಕೇಳಿದ್ದು ಲೂಕನ ಸುವಾರ್ತೆಯಲ್ಲಿದೆ. ಹಾಗಾಗಿ ರಜೆಯ ವಿಷಯವನ್ನು ನಾನು ದೊಡ್ಡದು ಮಾಡುವುದಿಲ್ಲ.

ನನಗೆ ಕಷ್ಟವಾದದ್ದು ಬೇರೆ. ಎರಡು ಸುಗ್ಗಿ ನಾನು ಒಂದು ಗಿರಣಿಯಲ್ಲಿ ತೂಕದ ಚೀಟಿ ಬರೆಯುತ್ತಿದ್ದೆ. ನಮ್ಮ ಕಡೆ ಭತ್ತದ ಚೀಲ ಎಂದರೆ 75 ಕೆ.ಜಿ. ಸರ್ಕಾರದ ಖರೀದಿಯಲ್ಲಿ ತೇವಾಂಶ ಶೇ 17ರ ತನಕ ನಡೆಯುತ್ತದೆ. ನಾನಿದ್ದ ಗಿರಣಿಯಲ್ಲಿ ಮೀಟರ್ ಏನೇ ತೋರಿಸಲಿ, ಹಸಿ ಮತ್ತು ಕಸದ ಹೆಸರಿನಲ್ಲಿ ಚೀಲಕ್ಕೆ ಎರಡು ಕೆ.ಜಿ. ಮುರಿಯುವುದು ವಾಡಿಕೆ. ಮಾಲೀಕರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಒಂದು ಸಂಜೆ ಲಾವಣಿ ಹೊಲದ ರೈತರೊಬ್ಬರು 42 ಚೀಲ ತಂದರು. ಎರಡು ದಿನ ರಸ್ತೆ ಮೇಲೆ ಒಣಗಿಸಿದ್ದ ಭತ್ತ, ಮೀಟರ್‌ನಲ್ಲಿ ಚೆನ್ನಾಗಿಯೇ ಇತ್ತು. ಆದರೂ 84 ಕೆ.ಜಿ. ಮುರಿದು ಬರೆದೆ. ಜೊತೆಗಿದ್ದ ಮಗ ತಕರಾರು ತೆಗೆದ. ಅವರು ಮಗನನ್ನೇ ಸುಮ್ಮನಿರಿಸಿದರು: 'ಇವರು ಚರ್ಚಿಗೆ ಹೋಗೋ ಮಂದಿ, ಸುಳ್ಳು ಬರಿಯಂಗಿಲ್ಲ. ನಡಿ.'

ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮೋಸದ ತಕ್ಕಡಿ ದೇವರಿಗೆ ಅಸಹ್ಯ ಎಂಬ ಮಾತು ಬೈಬಲಿನ ಜ್ಞಾನೋಕ್ತಿಗಳಲ್ಲಿ ಬರುತ್ತದೆ. ಅದನ್ನು ನಾನು ಭಾನುವಾರ ಶಾಲೆಯಲ್ಲೇ ಕಲಿತಿದ್ದೆ. ತಕ್ಕಡಿ ನನ್ನ ಕೈಯಲ್ಲೇ ಇದೆ ಎಂಬುದು ಮಾತ್ರ ಹೊಳೆದಿರಲಿಲ್ಲ. ಯೆರಿಕೋವಿನ ಜಕ್ಕಾಯ ಸುಂಕದವರ ಮುಖ್ಯಸ್ಥ. ಯೇಸು ಮನೆಗೆ ಬಂದ ದಿನ ಅವನು ಹಾಡು ಹೇಳಲಿಲ್ಲ, ಲೆಕ್ಕ ಹೇಳಿದ: ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ತಿರುಗಿ ಕೊಡುತ್ತೇನೆಂದ. ಆ ಲೆಕ್ಕದಲ್ಲಿ ನನ್ನ 84 ಕೆ.ಜಿ. 336 ಆಗುತ್ತದೆ. ಅಷ್ಟು ಭತ್ತ ನನ್ನದಲ್ಲ, ಕೊಡುವ ಸಂಬಳವೂ ನನಗಿರಲಿಲ್ಲ. ಮಾಲೀಕರ ಹತ್ತಿರ ಹೋಗಿ, ಮೀಟರ್ ತೋರಿಸಿದ ಅಂಕಿಯನ್ನಾದರೂ ಚೀಟಿಯಲ್ಲಿ ಬರೆಯೋಣ ಎಂದೆ. ಅವರು ಸಿಟ್ಟಾಗಲಿಲ್ಲ. 'ಎಲ್ಲಾ ಕಡೆ ಹಿಂಗ ಐತಿ, ನೀ ಒಬ್ಬ ಏನ್ ಮಾಡ್ತಿ' ಎಂದರು. ಮರುವಾರ ನನ್ನನ್ನು ಗೋದಾಮಿಗೆ ಹಾಕಿದರು. ಚೀಟಿ ಬರೆಯಲು ಬೇರೆ ಹುಡುಗ ಬಂದ. ಎರಡು ಕೆ.ಜಿ. ಮುರಿಯುವುದು ನಿಲ್ಲಲಿಲ್ಲ. ನನ್ನ ಕೈ ಶುದ್ಧವಾಯಿತು, ರೈತನಿಗೇನೂ ದಕ್ಕಲಿಲ್ಲ. ಇದನ್ನು ಸಾಕ್ಷಿ ಎಂದು ಸಭೆಯಲ್ಲಿ ಹೇಳಿಕೊಳ್ಳಲು ನನಗೆ ನಾಚಿಕೆ.

ಬಾಯಿಂದ ನಂಬಿಕೆಯ ಮಾತಾಡುವುದಂತೂ ಈಗ ಸುಲಭವಲ್ಲ. 2022ರಲ್ಲಿ ಮತಾಂತರ ತಡೆ ಕಾಯ್ದೆಯ ಗದ್ದಲವಿದ್ದಾಗ, ಕೆಲಸದ ಜಾಗದಲ್ಲಿ ಬಾಯಿ ಬಿಡಬೇಡ ಎಂದು ಮನೆಯಲ್ಲಿ ಎಚ್ಚರಿಸಿದ್ದರು. ಆ ಭಯ ಸುಳ್ಳಲ್ಲ. ಆದರೆ ಸರಿಯಾದ ತೂಕ ಬರೆಯಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. ಕಾಯಕದ ಮಾತನ್ನು ಕೇಳಿಕೊಂಡೇ ಬೆಳೆದ ಈ ನಾಡಿನಲ್ಲಿ, ಗವಿಮಠದ ಜಾತ್ರೆಗೆ ಹೋಗುವ ನನ್ನ ಗೆಳೆಯರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ.

ಹಿಂದಿನವರಿಗೂ ಕೆಲಸ ಮತ್ತು ನಂಬಿಕೆ ಬೇರೆಬೇರೆ ಆಗಿರಲಿಲ್ಲ. ಕ್ರೈಸ್ತರಾದ ಕಾರಣಕ್ಕೆ ಮನೆ, ಕಸುಬು ಕಳೆದುಕೊಂಡವರಿಗೆ ದುಡಿಮೆ ಬೇಕೆಂದು ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆ ತೆರೆಯಿತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. ಇಂದು ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಂದ ಗುಳೆ ಹೋಗುವವರು ಅದೇ ಮಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಾರೆ. ಹೆಂಚು ಸೋರಿದರೆ ಮಾಡಿದವರ ಪ್ರಾರ್ಥನೆಯನ್ನು ಯಾರು ಕೇಳುತ್ತಾರೆ?

ನಮ್ಮ ಯುವಜನ ಕೂಟಗಳಲ್ಲಿ ಮೊಬೈಲ್, ಪರೀಕ್ಷೆ, ಮದುವೆಯ ಬಗ್ಗೆ ಮಾತಾಡುತ್ತೇವೆ. ಹಾಜರಿ ಪುಸ್ತಕದಲ್ಲಿ ಇಲ್ಲದ ಕೂಲಿಯ ಹೆಸರು ಬರೆಯಲು ಹೇಳಿದರೆ ಏನು ಮಾಡಬೇಕು, ಗಿಣಿಗೇರಾದ ಕಾರ್ಖಾನೆಗಳಲ್ಲಿ ಗುತ್ತಿಗೆ ಮೇಲೆ ದುಡಿಯುವ ಹುಡುಗ ಸುರಕ್ಷತೆಯ ಸುಳ್ಳು ವರದಿಗೆ ಸಹಿ ಹಾಕಬೇಕಾದರೆ ಯಾರನ್ನು ಕೇಳಬೇಕು, ಕೆಲಸ ಹೋದರೆ ಸಭೆಯವರು ಎರಡು ತಿಂಗಳು ಅವನ ಮನೆ ನೋಡಿಕೊಳ್ಳುತ್ತಾರೆಯೇ? ಇದನ್ನು ಯಾವ ಪಾಸ್ಟರೂ ನಮ್ಮ ಕೂಟದಲ್ಲಿ ಎತ್ತಿದ್ದು ನಾನು ಕೇಳಿಲ್ಲ. ಒಬ್ಬನೇ ಏನು ಮಾಡ್ತಿ ಎಂದು ಮಾಲೀಕರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ, ಏಕೆಂದರೆ ನಾನು ನಿಜಕ್ಕೂ ಒಬ್ಬನೇ ಇದ್ದೆ. ಮುಂದಿನ ಕೂಟಕ್ಕೆ ಆ ಹಳೆಯ ಚೀಟಿಯ ನಕಲು ತೆಗೆದುಕೊಂಡು ಹೋಗಬೇಕೆಂದಿದ್ದೇನೆ. ಗೋದಾಮಿನಲ್ಲಿ ದುಡಿಯುವ ಇನ್ನಿಬ್ಬರು ಬರುತ್ತೇವೆಂದಿದ್ದಾರೆ.